ತರಬೇತಿ ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಸ ಹೊಲಿಗೆ ಆಪರೇಟರುಗಳಿಗೆ ಉತ್ಪಾದನಾ ಲೈನಿನಲ್ಲೇ ತರಬೇತಿ ಕೊಡುತ್ತೇವೆ. ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಇಷ್ಟು ಸಾಕೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಸಾಲದು. ಮೇಲ್ವಿಚಾರಕರ ಎದುರಿನಲ್ಲಿ ತುಂಬುವ ಪತ್ರದಲ್ಲಿ ಅವರಾದರೂ ಬೇರೇನು ಬರೆದಾರು? ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ತರಬೇತಿ ಮೌಲ್ಯಮಾಪನದ ನಾಲ್ಕು ಹಂತಗಳ ಪೈಕಿ ನೀವಿನ್ನೂ ಮೊದಲನೆಯದರಲ್ಲೇ ಇದ್ದೀರಿ.

ಅಳತೆ ತರಬೇತಿಗೆ ಮುಂಚೆಯೇ ಆರಂಭವಾಗಬೇಕು. ಕಾಲರ್ ಹೊಲಿಯುವವರು ಗಂಟೆಗೆ ಎಷ್ಟು ಪೀಸ್ ಮುಗಿಸುತ್ತಾರೆ, ಅವುಗಳಲ್ಲಿ ಎಷ್ಟು ಆಲ್ಟರ್‌ಗೆ, ಅಂದರೆ ದೋಷ ತಿದ್ದಲು, ಹಿಂದಿರುಗುತ್ತವೆ ಎಂಬುದನ್ನು ಬರೆದಿಟ್ಟುಕೊಂಡು, ತರಬೇತಿ ಮುಗಿದ ಮರುವಾರವೂ, ಎರಡು ಮೂರು ತಿಂಗಳ ನಂತರವೂ ಮತ್ತೆ ಎಣಿಸಿ ನೋಡಿ. ಆದರೆ ಹೊಸಬರ ಕೈ ತರಬೇತಿಯಿಲ್ಲದೆಯೂ ದಿನ ಕಳೆದಂತೆ ಪಳಗುತ್ತದೆ. ಕಷ್ಟದ ಸ್ಟೈಲ್ ಬಂದರೆ ನುರಿತವರ ಲೆಕ್ಕವೂ ಇಳಿಯುತ್ತದೆ. ಆದ್ದರಿಂದ ಅದೇ ಸ್ಟೈಲ್ ಹೊಲಿಯುತ್ತಿರುವ, ತರಬೇತಿಯ ಸರದಿ ಇನ್ನೂ ಬಾರದ ಮತ್ತೊಂದು ಬ್ಯಾಚಿನೊಡನೆ ಹೋಲಿಸದಿದ್ದರೆ, ಕಂಡುಬಂದ ಏರಿಕೆಯಲ್ಲಿ ತರಬೇತಿಯ ಪಾಲೆಷ್ಟು ಎಂಬುದು ತಿಳಿಯದು.

ಖರ್ಚಿನ ಲೆಕ್ಕದಲ್ಲಿ, ಕಲಿಸಲು ನಿಂತ ಹಳೆಯ ಆಪರೇಟರಿಗೆ ಆ ದಿನಗಳಲ್ಲಿ ತಪ್ಪಿಹೋದ ಪೀಸುಗಳನ್ನೂ ಹಿಡಿಯಿರಿ, ಹಾಗೆಯೇ ಅವರ ಟಾರ್ಗೆಟನ್ನೂ ಇಳಿಸಿರಿ. ಇಲ್ಲವಾದರೆ ಅವರು ಮನಸ್ಸಿಟ್ಟು ಕಲಿಸುವುದಾದರೂ ಹೇಗೆ?