ಟೊಂಗಾಕ್ಕೆ ಒಂದೇ ದಾರಿ ಇತ್ತು

ಪ್ರಶ್ನೆ: ಸರ್, 2022ರಲ್ಲಿ ಪೆಸಿಫಿಕ್ ಸಾಗರದ ದ್ವೀಪ ದೇಶ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದು ಸಮುದ್ರದಡಿಯ ಇಂಟರ್ನೆಟ್ ಕೇಬಲ್ ತುಂಡಾಯಿತು, ರಿಪೇರಿಗೆ ಐದು ವಾರ ಹಿಡಿಯಿತು ಎಂದು ಓದಿದೆ. ಒಂದು ಕೇಬಲ್ ಜೋಡಿಸೋಕೆ ಅಷ್ಟು ದಿನ ಬೇಕಾ? ಉಪಗ್ರಹಗಳಿರುವಾಗ ಕೇಬಲ್ ಯಾಕೆ ಬೇಕು?

ಉತ್ತರ: ಒಂದೇ ಕಡೆ ತುಂಡಾಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅಲ್ಲಿ ಆಗಿದ್ದೇ ಬೇರೆ. ಜನವರಿ 15ರ ಸಂಜೆ ಆಕಾಶಕ್ಕೆ ಚಿಮ್ಮಿದ ಬೂದಿ, ಕಲ್ಲು ತಿರುಗಿ ಸಮುದ್ರಕ್ಕೇ ಬಿತ್ತು. ಬಿದ್ದ ರಾಶಿ ನೀರಿನಡಿಯ ಇಳಿಜಾರಿನಲ್ಲಿ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ನುಗ್ಗಿತು. ಕೇಬಲ್ ಸತ್ತ ಸಮಯವನ್ನೇ ಹಿಡಿದುಕೊಂಡು ವಿಜ್ಞಾನಿಗಳು ಈ ವೇಗವನ್ನು ಲೆಕ್ಕ ಹಾಕಿದರು. ಟೊಂಗಾದಿಂದ ಫಿಜಿಗೆ ಹೋಗುವ ಕೇಬಲ್ ಉದ್ದ 827 ಕಿ.ಮೀ. ಅದರಲ್ಲಿ 80 ಕಿ.ಮೀ.ಗಿಂತ ಜಾಸ್ತಿ ಹಾಳಾಗಿತ್ತು. ಕೆಲವು ತುಂಡುಗಳು ಹೂಳಿನಡಿ ಸೇರಿದ್ದವು, ಕೆಲವು ಇದ್ದ ಜಾಗದಿಂದ ದೂರ ಸರಿದಿದ್ದವು.

ಆಳ ಸಮುದ್ರದ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಎಲ್ಲಿ ತುಂಡಾಗಿದೆ ಎಂದು ತಿಳಿಯಲು ದಡದಿಂದ ಬೆಳಕು ಬಿಡುತ್ತಾರೆ. ಕೇಬಲ್ ಒಳಗಿರುವ ಗಾಜಿನ ಎಳೆಯಲ್ಲಿ (ಫೈಬರ್) ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋದ ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ವಾಪಸ್ ಬಂತು ಅಂದರೆ ತುಂಡಾಗಿರುವುದು 100 ಕಿ.ಮೀ. ದೂರದಲ್ಲಿ. ಇದು ಸುಲಭದ ಭಾಗ. ಆಮೇಲೆ ಹಡಗು ಅಲ್ಲಿಗೆ ಹೋಗಿ, ಹಗ್ಗಕ್ಕೆ ಕಟ್ಟಿದ ಕೊಕ್ಕೆಯನ್ನು ತಳಕ್ಕೆ ಬಿಟ್ಟು ಎಳೆಯುತ್ತಾ ಕೇಬಲ್ ಹುಡುಕಬೇಕು. ಸಿಕ್ಕ ತುದಿಯನ್ನು ಮೇಲೆತ್ತಿ ಪರೀಕ್ಷಿಸಿ, ತೇಲುವ ಬುರುಡೆಗೆ ಕಟ್ಟಿಟ್ಟು, ಇನ್ನೊಂದು ತುದಿ ಹುಡುಕಲು ಹೊರಡಬೇಕು.

ನಾನು ನೆಲದಡಿಯ ಫೈಬರ್ ಜೋಡಿಸುವ ಕೆಲಸ ಮಾಡಿದವನು. ಒಂದು ಎಳೆಯ ಗಾಜು ಮಿಲಿಮೀಟರಿನ ಎಂಟನೇ ಒಂದು ಭಾಗ ದಪ್ಪ. ಬೆಳಕು ಹೋಗುವ ನಡುವಿನ ದಾರಿ ಇನ್ನೂ ಸಣ್ಣದು, 9 ಮೈಕ್ರಾನ್ ಆಸುಪಾಸು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಮೇಲಿನ ಪ್ಲಾಸ್ಟಿಕ್ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಎದುರುಬದುರು ಇಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತೇವೆ. ಒಂದು ಧೂಳಿನ ಕಣ ಕೂತರೂ ಮತ್ತೆ ಕತ್ತರಿಸಿ ಮೊದಲಿಂದ ಶುರು. ನೆಲದ ಮೇಲೆ, ಟೆಂಟಿನೊಳಗೆ ಕೂತು ಮಾಡುವಾಗಲೇ ಉಸಿರು ಬಿಗಿಹಿಡಿಯುತ್ತಿದ್ದೆ. ಅಲೆಗೆ ಓಲಾಡುವ ಹಡಗಿನಲ್ಲಿ ಇದನ್ನೇ ಮಾಡುವವರ ಬಗ್ಗೆ ನನಗೆ ತುಂಬಾ ಗೌರವ. ಬೆಸೆದ ಮೇಲೂ ಕೆಲಸ ಮುಗಿಯಲ್ಲ. ನೀರು ನುಗ್ಗದಂತೆ ಪ್ಲಾಸ್ಟಿಕ್ ಅಚ್ಚು ಹಾಕಿ, ಒಳಗೆ ಗುಳ್ಳೆ ಉಳಿದಿದೆಯಾ ಎಂದು ಎಕ್ಸ್‌ರೇ ತೆಗೆದು ನೋಡಬೇಕು.

ಟೊಂಗಾಕ್ಕೆ ಕೇಬಲ್ ಹಡಗು ಬರಬೇಕಾಗಿದ್ದು ಪಪುವಾ ನ್ಯೂಗಿನಿಯಿಂದ. ಫೆಬ್ರವರಿ 22ಕ್ಕೆ ಸಂಪರ್ಕ ವಾಪಸ್ ಬಂತು. ದೇಶದೊಳಗಿನ ದ್ವೀಪಗಳನ್ನು ಜೋಡಿಸುವ ಇನ್ನೊಂದು ಕೇಬಲ್ ಸರಿಹೋಗಲು ಸುಮಾರು ಒಂದೂವರೆ ವರ್ಷವೇ ಹಿಡಿಯಿತು.

ಇನ್ನು ಉಪಗ್ರಹ. ಕೆಲವೇ ದಿನಗಳಲ್ಲಿ ಒಂದಿಷ್ಟು ಕರೆಗಳು ಹೊರಗೆ ಹೋಗಲು ಶುರುವಾಗಿದ್ದು ಅದರಿಂದಲೇ. ಆದರೆ ಒಂದು ದೇಶದ ಬ್ಯಾಂಕು, ಆಸ್ಪತ್ರೆ, ಕಚೇರಿ ಎಲ್ಲವೂ ಕೇಬಲ್ ನಂಬಿ ನಡೆಯುತ್ತಿರುವಾಗ ಆ ಭಾರವನ್ನೆಲ್ಲ ದಿಢೀರನೆ ನಾಲ್ಕಾರು ಡಿಶ್‌ಗಳ ಮೇಲೆ ಹಾಕೋಕೆ ಆಗಲ್ಲ. ಟೊಂಗಾದ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯಷ್ಟು ಹಣ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕದಲ್ಲಿರುವ ಮಕ್ಕಳು, ಅಣ್ಣತಮ್ಮಂದಿರು ಕಳಿಸುವಂಥದ್ದು. ಲೈನ್ ಸತ್ತರೆ ಆ ಹಣ ಬರುವುದೂ ಕಷ್ಟ. ಜನಸಂಖ್ಯೆ ಸುಮಾರು ಒಂದು ಲಕ್ಷ. ಮೊದಲ ಕೇಬಲ್ಲೇ ವಿಶ್ವ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ ನೆರವಿನಿಂದ 2013ರಲ್ಲಿ ಬಂದಿದ್ದು. ಲಾಭ ನೋಡುವ ಕಂಪನಿ ಎರಡನೆಯದನ್ನು ತಾನಾಗಿ ಹಾಕುವುದಿಲ್ಲ. ಇಂಥ ದೇಶಗಳಿಗೆ ನೆರವು ಕೊಡುವವರು ವೇಗ ಹೆಚ್ಚಿಸುವುದಕ್ಕಿಂತ ಮೊದಲು, ಬೇರೆ ದಿಕ್ಕಿನಿಂದ ಬರುವ ಎರಡನೇ ದಾರಿಗೆ ಹಣ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಫೋನ್ ಇಲ್ಲದಿದ್ದರೇನು, ವಿಮಾನದಲ್ಲಿ ನೆರವು ತಕ್ಷಣ ಕಳಿಸಬಹುದಿತ್ತಲ್ವಾ?

ಉತ್ತರ: ಎಲ್ಲಿಗೆ, ಏನು ಕಳಿಸಬೇಕು ಎಂದೇ ಗೊತ್ತಿರಲಿಲ್ಲ. ಹಾನಿ ಎಷ್ಟು ಎಂದು ತಿಳಿಯಲು ನ್ಯೂಜಿಲೆಂಡ್ ವಾಯುಪಡೆಯ ಓರಿಯನ್ ವಿಮಾನ ಜನವರಿ 17ರಂದು ಮೇಲಿಂದ ಫೋಟೊ ತೆಗೆಯಬೇಕಾಯಿತು. ಮುಖ್ಯ ವಿಮಾನ ನಿಲ್ದಾಣದ ರನ್‌ವೇ ತುಂಬಾ ಬೂದಿ. ಜೆಟ್ ಎಂಜಿನ್ ಒಳಗೆ ಹೋದರೆ ಆ ಬೂದಿ ಕರಗಿ, ಒಳಗೆ ತಿರುಗುವ ಅಲಗುಗಳಿಗೆ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಜನ ಸಲಿಕೆ, ಕೈಗಾಡಿ ಹಿಡಿದು ಅದನ್ನು ಗೋರಿದರು. 20ರಂದು ಮೊದಲ ವಿಮಾನಗಳು ಇಳಿದವು. ಬಂದರಿನಲ್ಲೂ ಹಾಗೇ. ನ್ಯೂಜಿಲೆಂಡ್ ನೌಕಾಪಡೆಯ ಮುಳುಗುಗಾರರು ಹಡಗು ಬರುವ ಹಾದಿ ಕ್ಷೇಮವಾಗಿದೆಯಾ ಎಂದು ಮೊದಲು ನೋಡಬೇಕಿತ್ತು. ಆಮೇಲೆ, 21ರಂದು, ಅದೇ ನೌಕಾಪಡೆಯ ಅವೊಟೆರೊವಾ ಎಂಬ ಹಡಗು ಎರಡೂವರೆ ಲಕ್ಷ ಲೀಟರ್ ಕುಡಿಯುವ ನೀರು ಹೊತ್ತು ಬಂತು. ಆಗ ಟೊಂಗಾದೊಳಗೆ ಕೋವಿಡ್ ಹರಡಿರಲಿಲ್ಲ. ಹಾಗಾಗಿ ಬಂದವರು ಸ್ಥಳೀಯರನ್ನು ಮುಟ್ಟದೆ, ದೂರ ನಿಂತೇ ಸಾಮಾನು ಒಪ್ಪಿಸಿದರು.