ರೆಫರಿ ಯಾರು, ಮೊದಲು ಅದನ್ನು ಹೇಳಿ

ಪ್ರಶ್ನೆ: 1966ರ ಮುಹಮ್ಮದ್ ಅಲಿ, 1988ರ ಮೈಕ್ ಟೈಸನ್ ಒಂದೇ ರಿಂಗಿಗೆ ಇಳಿದರೆ ಗೆಲ್ಲುವುದು ಯಾರು? ನಮ್ಮಲ್ಲಿ ಸಂತೆ ದಿನ ಹೋಟೆಲಿನಲ್ಲಿ ಕೂತರೆ ಇದೇ ಜಗಳ. ನಾನು ಟೈಸನ್ ಕಡೆ. ಮೂರು ರೌಂಡಿನೊಳಗೆ ಮುಗಿಯುತ್ತದೆ ಎಂದು ಒಂದು ಚೀಲ ಕರಿಮೆಣಸು ಪಣ ಇಟ್ಟಿದ್ದೇನೆ. ನೀವು ಫೌಜಿನಲ್ಲಿ ಬಾಕ್ಸಿಂಗ್ ಮಾಡಿದವರು, ತೀರ್ಪು ಕೊಡಿ.
– ಓದುಗರು, ಗೋಣಿಕೊಪ್ಪ

ಉತ್ತರ: ಚೀಲದ ಬಾಯಿ ಈಗಲೇ ಕಟ್ಟಬೇಡಿ. ಅರ್ಧ ಸುರಿದು ಇಟ್ಟುಕೊಳ್ಳುವುದು ಒಳ್ಳೆಯದು.

ನೀವು ವರ್ಷ ಹಾಕಿ ಕೇಳಿದ್ದು ಸರಿಯಾಯಿತು. ಸುಮ್ಮನೆ ಅಲಿ, ಟೈಸನ್ ಎಂದರೆ ಯಾವ ಅಲಿ, ಯಾವ ಟೈಸನ್ ಎನ್ನುವುದಕ್ಕೇ ಎರಡು ಕಾಫಿ ಖರ್ಚಾಗುತ್ತದೆ. 1966ರ ನವೆಂಬರ್ 14ರಂದು ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರನೇ ರೌಂಡಿನಲ್ಲಿ ಮುಗಿಸಿದ ಅಲಿಯನ್ನು ಒಂದು ಮೂಲೆಯಲ್ಲಿ ನಿಲ್ಲಿಸೋಣ. ಇನ್ನೊಂದು ಮೂಲೆಯಲ್ಲಿ, 1988ರ ಜೂನ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ ಟೈಸನ್. ಅಲಿ 6 ಅಡಿ 3 ಇಂಚು, ಕೈಚಾಚು 78 ಇಂಚು. ಟೈಸನ್ 5 ಅಡಿ 10 ಇಂಚು, ಕೈಚಾಚು 71. ಆದರೆ ತಕ್ಕಡಿಗೆ ಹತ್ತಿಸಿದರೆ ಕುಳ್ಳನೇ ಭಾರ: ಟೈಸನ್ ಸುಮಾರು 218 ಪೌಂಡ್, ಅಲಿ ಸುಮಾರು 212. ಇದನ್ನು ಬಹಳ ಜನ ಮರೆಯುತ್ತಾರೆ.

ಮೊದಲ ನಾಲ್ಕು ರೌಂಡ್ ನಿಮ್ಮ ಟೈಸನ್‌ನದೇ, ಅದರಲ್ಲಿ ತಕರಾರಿಲ್ಲ. ಎರಡೂ ಗ್ಲೋವ್ಸ್ ಕೆನ್ನೆಗೆ ಒತ್ತಿಕೊಂಡು, ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ ಜಾಬ್‌ನ, ಅಂದರೆ ಮುಂದಿನ ಕೈಯ ನೇರ ಏಟಿನ, ಕೆಳಗಿನಿಂದ ನುಸುಳಿ ಬರುತ್ತಾನೆ. ಬಂದವನು ಒಂದೇಟು ಕೊಟ್ಟು ನಿಲ್ಲುವವನಲ್ಲ. ಬಲಗೈ ಪಕ್ಕೆಗೆ, ಅದೇ ಬಲಗೈ ಗದ್ದಕ್ಕೆ, ಆಮೇಲೆ ಎಡ ಹುಕ್, ಅಂದರೆ ಪಕ್ಕದಿಂದ ಸುತ್ತಿ ಬರುವ ಎಡಗೈ ಏಟು. ಅಲಿಗೆ ಆಗದ ಏಟು ಅದೇ. 1962ರಲ್ಲಿ ಸನ್ನಿ ಬ್ಯಾಂಕ್ಸ್ ಕೆಡವಿದ್ದು ಎಡ ಹುಕ್‌ನಿಂದ, 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಕೆಡವಿದ್ದು ಎಡ ಹುಕ್‌ನಿಂದ, 1971ರ ಮಾರ್ಚ್ 8ರಂದು ಹದಿನೈದನೇ ರೌಂಡಿನಲ್ಲಿ ಜೋ ಫ್ರೇಜಿಯರ್ ಕೆಡವಿದ್ದೂ ಎಡ ಹುಕ್‌ನಿಂದಲೇ. ಕಾರಣ ಅಲಿಯ ಅಭ್ಯಾಸ. ಕೈ ಸೊಂಟದ ಹತ್ತಿರ ಇಳಿಬಿಟ್ಟು, ಏಟು ಬಂದಾಗ ತಲೆಯನ್ನು ಪಕ್ಕಕ್ಕೆ ಸರಿಸದೆ ನೇರ ಹಿಂದಕ್ಕೆ ಬಾಗುತ್ತಿದ್ದ. ನೇರ ಬರುವ ಏಟಿಗೆ ಅದು ಸಾಕು, ಸುತ್ತಿ ಬರುವ ಏಟಿಗೆ ಸಾಲದು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ರೆಜಿಮೆಂಟಿನ ಪಂದ್ಯವೊಂದರಲ್ಲಿ, ಅಲಿಯ ಒಂದು ಪಂದ್ಯವನ್ನು ಪರದೆಯ ಮೇಲೆ ನೋಡಿದ ಹುಮ್ಮಸ್ಸಿನಲ್ಲಿ, ನಾನೂ ಕೈ ಇಳಿಬಿಟ್ಟು ಹಿಂದಕ್ಕೆ ಬಾಗಿದೆ. ಎದುರಿದ್ದವನು ನನಗಿಂತ ಒಂದು ಗೇಣು ಕುಳ್ಳ. ಏಟು ಕಾಣಲೇ ಇಲ್ಲ. ನೆನಪಿರುವುದು ಇಷ್ಟು: ಮೂಗಿನ ಹತ್ತಿರವೇ ಟಾರ್ಪಾಲಿನ ವಾಸನೆ, ಅದರ ಮೇಲೆ ಯಾರದೋ ಬೂಟಿನ ಸುಣ್ಣದ ಗುರುತು, ದೂರದಲ್ಲಿ ಯಾರೋ 'ಸಾತ್, ಆಠ್' ಎಣಿಸುತ್ತಿದ್ದದ್ದು. ಚಳಿಗಾಲದಲ್ಲಿ ಗಟ್ಟಿ ಅಕ್ಕಿರೊಟ್ಟಿ ಅಗಿದರೆ ದವಡೆ ಇಂದಿಗೂ ಟಕ್ ಎನ್ನುತ್ತದೆ.

ಆದರೆ ನಾನು ಅಲಿ ಅಲ್ಲ. ಆ ಮೂರು ಸಲವೂ ಅವನು ಎದ್ದ. ಬ್ಯಾಂಕ್ಸ್‌ನನ್ನು ನಾಲ್ಕನೇ ರೌಂಡಿನಲ್ಲಿ, ಕೂಪರ್‌ನನ್ನು ಮರು ರೌಂಡಿನಲ್ಲೇ ಮುಗಿಸಿದ. ಹಾಗಾಗಿ 'ಟೈಸನ್ ಅವನನ್ನು ಕೆಡವುತ್ತಾನೆ' ಎಂದರೆ ಒಪ್ಪುತ್ತೇನೆ. 'ಮೂರು ರೌಂಡಿನಲ್ಲಿ ಮುಗಿಸುತ್ತಾನೆ' ಎಂದರೆ ಇಲ್ಲ.

ಇನ್ನು ಆ ಕಡೆಯ ಲೆಕ್ಕ ನೋಡಿ. 1988ರವರೆಗೆ ಟೈಸನ್ ಎದುರು ಕೊನೆಯ ಗಂಟೆಯವರೆಗೆ ನಿಂತವರು ಯಾರು? ಕಾಲು ಆಡಿಸಿದ ಟಿಲ್ಲಿಸ್, ಎತ್ತರದ ಮಿಚ್ ಗ್ರೀನ್, 1987ರಲ್ಲಿ ಬೋನ್‌ಕ್ರಷರ್ ಸ್ಮಿತ್, ಅದೇ ವರ್ಷ ಟೋನಿ ಟಕರ್. ಸ್ಮಿತ್ ಹೊಡೆದಾಡಲೇ ಇಲ್ಲ, ಹನ್ನೆರಡು ರೌಂಡೂ ತಬ್ಬಿಕೊಂಡ. ಅದಕ್ಕಾಗಿ ಅಂಕ ಕಳೆದರೂ ಬಿಡಲಿಲ್ಲ. 1990ರ ಫೆಬ್ರುವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಾಸ್ ಉದ್ದ ಜಾಬ್ ಇಟ್ಟು, ಹತ್ತಿರ ಬಂದಾಗ ಕಟ್ಟಿಹಾಕಿ, ಹತ್ತನೇ ರೌಂಡಿನಲ್ಲಿ ಕೆಡವಿದ. 1988ರ ಟೈಸನ್ ಅದಕ್ಕಿಂತ ಹರಿತ, ಒಪ್ಪಿದೆ. ಆದರೆ ಬೀಗ ಅದೇ, ಬೀಗದ ಕೈಯೂ ಅದೇ.

ಹೋಟೆಲಿನಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿ ಬರುತ್ತದೆ. ರೆಫರಿ ಯಾರು?

1974ರ ಜನವರಿಯಲ್ಲಿ ಅಲಿ ಮತ್ತು ಫ್ರೇಜಿಯರ್ ಎರಡನೇ ಸಲ ಎದುರಾದರು. ಅಲಿ ಎದುರಿಸಿದವರಲ್ಲಿ ಟೈಸನ್‌ಗೆ ಹತ್ತಿರದವನು ಎಂದರೆ ಫ್ರೇಜಿಯರ್: ಗಿಡ್ಡ, ತಲೆ ತೂಗುತ್ತಾ ಒಳನುಗ್ಗುವವನು, ಎಡ ಹುಕ್‌ನವನು. ಅವತ್ತು ಅಲಿ ಮಾಡಿದ್ದೇನು? ಎಡ ಗ್ಲೋವ್ಸನ್ನು ಫ್ರೇಜಿಯರ್‌ನ ಕತ್ತಿನ ಹಿಂದೆ ಹಾಕಿ ತಲೆಯನ್ನು ಕೆಳಕ್ಕೆ ಎಳೆಯುವುದು, ಬಲಗೈಯಲ್ಲಿ ಅವನ ತೋಳನ್ನು ಸಿಕ್ಕಿಸುವುದು. ರೆಫರಿ ಟೋನಿ ಪೆರೆಜ್ ಸುಮ್ಮನಿದ್ದರು. ಫ್ರೇಜಿಯರ್‌ನ ಕೋಚ್ ಎಡ್ಡಿ ಫುಚ್ ಕೂತು ಲೆಕ್ಕ ಹಾಕಿದಾಗ 133 ಸಲ ಹಿಡಿದಿದ್ದ. ಹನ್ನೆರಡು ರೌಂಡಿನ ಅಂಕದಲ್ಲಿ ಅಲಿ ಗೆದ್ದ. ಮರುವರ್ಷ ಇಬ್ಬರ ಮೂರನೇ ಪಂದ್ಯಕ್ಕೆ ಮನಿಲಾಕ್ಕೆ ಹೋಗುವಾಗ ಫುಚ್ ಹಟ ಹಿಡಿದು ಪೆರೆಜ್ ಬೇಡವೇ ಬೇಡ ಎಂದರು. ಸ್ಥಳೀಯ ರೆಫರಿ ಕಾರ್ಲೋಸ್ ಪಡಿಲ್ಲ ಬಂದರು, ಕತ್ತಿಗೆ ಹೋದ ಕೈಯನ್ನು ತಟ್ಟಿ ತಟ್ಟಿ ಇಳಿಸಿದರು. ಆಗ ಆದದ್ದು ಜಗತ್ತಿಗೇ ಗೊತ್ತು. ಹದಿನಾಲ್ಕು ರೌಂಡ್ ಇಬ್ಬರೂ ಸತ್ತು ಬದುಕಿದರು. ಹದಿನೈದನೆಯದಕ್ಕೆ ಫ್ರೇಜಿಯರ್‌ನನ್ನು ಫುಚ್ ಏಳಗೊಡಲಿಲ್ಲ.

ಕತ್ತಿನ ಮೇಲೆ ಒಂದು ಕೈ ಇಟ್ಟರೆ ಅಷ್ಟು ವ್ಯತ್ಯಾಸವೇ ಎನ್ನುತ್ತೀರಿ. ನಾನು ಪೊನ್ನಂಪೇಟೆ ಕಡೆ ನಮ್ಮ ಕಾಫಿ ಗೋದಾಮಿನಲ್ಲಿ ನಾಲ್ಕೈದು ಹುಡುಗರಿಗೆ ಕಲಿಸುತ್ತೇನೆ. ಕಾಫಿ ಸಿಪ್ಪೆ ತುಂಬಿದ ಗೋಣಿಚೀಲವೇ ನಮ್ಮ ಪಂಚಿಂಗ್ ಬ್ಯಾಗ್. ಕಳೆದ ಆಟಿ ಮಳೆಯಲ್ಲಿ ಹೊರಗೆ ಕಾಲಿಡಲು ಆಗದಿದ್ದಾಗ ಪರೀಕ್ಷೆ ಮಾಡಿಯೇ ಬಿಟ್ಟೆ. ಒಬ್ಬ ಸಿಲ್ವರ್ ಓಕ್ ಹಾಗೆ ಉದ್ದ, ಇನ್ನೊಬ್ಬ ಗುಂಡುಕಲ್ಲು. ಮೊದಲ ದಿನ ನಾನು ಕಂಡರೂ ಕಾಣದ ರೆಫರಿ. ಉದ್ದದವನು ಪ್ರತಿ ಸಲವೂ ಕತ್ತು ಹಿಡಿದು ಮೈಭಾರ ಬಿಟ್ಟ. ಮೂರನೇ ರೌಂಡಿಗೆ ಗುಂಡನ ತೊಡೆ ನಡುಗುತ್ತಿತ್ತು. ಶರ್ಟ್ ಬಿಚ್ಚಿದಾಗ ಕತ್ತಿನ ಹಿಂದೆ ಗ್ಲೋವ್ಸಿನ ಹೊಲಿಗೆ ಸಾಲು ಕೆಂಪಗೆ ಅಚ್ಚೊತ್ತಿತ್ತು. ಹೊಡೆದ ಏಟಿನಿಂದ ಅಲ್ಲ, ಇನ್ನೊಬ್ಬನ ಭಾರ ಹೊತ್ತೇ ಸುಸ್ತಾಗಿದ್ದ. ಮರುದಿನ ಹಿಡಿದ ಕೂಡಲೇ 'ಬ್ರೇಕ್' ಎಂದು ಕಿರುಚಿದೆ. ಅದೇ ಗುಂಡ ಎರಡನೇ ರೌಂಡಿನಲ್ಲಿ ಉದ್ದದವನ ಪಕ್ಕೆಗೆ ಎರಡು ಕೊಟ್ಟು ಕಾಫಿ ಚೀಲಗಳ ಮೇಲೆ ಕೂರಿಸಿದ. ಎರಡೂ ದಿನ ಅದೇ ಹುಡುಗರು, ಅದೇ ಗೋದಾಮು.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಹಿಡಿಯುವ ಆ ವಿದ್ಯೆ 1966ರ ಅಲಿಗೆ ಅಷ್ಟಾಗಿ ಬೇಕಿರಲಿಲ್ಲ. ಅವನಿಗೆ ಕಾಲಿತ್ತು. ಮೂರೂವರೆ ವರ್ಷ ಆಟದಿಂದ ಹೊರಗಿಟ್ಟು, 1970ರಲ್ಲಿ ಮರಳಿ ಬಂದಾಗ ಕಾಲು ಮೊದಲಿನ ಹಾಗಿರಲಿಲ್ಲ, ಆಗ ಕೈ ಬಳಸಲು ಕಲಿತ. ನೀವು ಕಾಲಿನ ಅಲಿಯನ್ನು ಕರೆತಂದರೆ ಕತ್ತು ಹಿಡಿಯುವ ಅಲಿ ಪೂರ್ತಿ ಸಿಗುವುದಿಲ್ಲ. ಕಾಲಿನ ಅಲಿಯನ್ನೇ ನಂಬಿ ಹೇಳುತ್ತೇನೆ: ಎರಡನೆಯದೋ ಮೂರನೆಯದೋ ರೌಂಡಿನಲ್ಲಿ ಅಲಿ ಒಮ್ಮೆ ಬೀಳುತ್ತಾನೆ. ಎದ್ದು ಸುತ್ತುತ್ತಾನೆ. ಆರರ ಹೊತ್ತಿಗೆ ಟೈಸನ್‌ನ ತಲೆ ತೂಗುವುದು ನಿಂತು, ಒಂದೊಂದೇ ಏಟಿಗೆ ಕಾಯತೊಡಗುತ್ತಾನೆ. ಅಲ್ಲಿಂದ ಜಾಬ್‌ಗೆ ಹಬ್ಬ. ಪೆರೆಜ್ ತರಹದ ರೆಫರಿಯಾದರೆ ಹತ್ತರಿಂದ ಹನ್ನೆರಡರೊಳಗೆ ಅಲಿ ಮುಗಿಸುತ್ತಾನೆ. ಪಡಿಲ್ಲ ತರಹದವರಾದರೆ ಹನ್ನೆರಡು ರೌಂಡಿನಲ್ಲಿ ಕೂದಲೆಳೆ ಅಂತರ, ಅಲಿಯ ಕಾಲದ ಹದಿನೈದಾದರೆ ಅಲಿಗೇ ಲಾಭ. ಹತ್ತು ಸಲ ಆಡಿಸಿದರೆ ಏಳು ಸಲ ಅಲಿ. ಉಳಿದ ಮೂರರಲ್ಲಿ ನಿಮ್ಮ ಮೆಣಸು ಉಳಿಯುತ್ತದೆ.

ಪ್ರಶ್ನೆ: ಇಷ್ಟೆಲ್ಲ ವಾದ ಯಾಕೆ? ಕಂಪ್ಯೂಟರಿಗೆ ಅಂಕಿ ಕೊಟ್ಟರೆ ಅದೇ ಹೇಳುವುದಿಲ್ಲವೇ?
– ಕಾಲೇಜು ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ನಿಮ್ಮ ಅಪ್ಪ ಹುಟ್ಟುವ ಮೊದಲೇ ಕೇಳಿ ಆಗಿದೆ, ಮಗು. 1969ರಲ್ಲಿ ಅಲಿಯನ್ನೂ, ವೃತ್ತಿಯಲ್ಲಿ 49ಕ್ಕೆ 49 ಗೆದ್ದು ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊನನ್ನೂ ಕರೆಸಿ, ಬೇರೆ ಬೇರೆ ಅಂತ್ಯಗಳನ್ನು ಚಿತ್ರೀಕರಿಸಿಟ್ಟುಕೊಂಡರು. ಮಾರ್ಸಿಯಾನೊ ಮೈ ಇಳಿಸಿ, ತಲೆಗೆ ವಿಗ್ ಹಾಕಿ ಬಂದಿದ್ದ. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ತೋರಿಸಿದಾಗ ಕಂಪ್ಯೂಟರ್ ಹೇಳಿದ್ದು: ಹದಿಮೂರನೇ ರೌಂಡಿನಲ್ಲಿ ಮಾರ್ಸಿಯಾನೊ ನಾಕೌಟ್‌ನಿಂದ ಗೆದ್ದ. ಯುರೋಪಿನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದ! ಅದು ಯಾವ ಲೆಕ್ಕ ಎಂದು ನೀವೇ ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ. ಫಲಿತಾಂಶ ನೋಡಲು ಮಾರ್ಸಿಯಾನೊ ಇರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ಬಿದ್ದು ತೀರಿಹೋಗಿದ್ದ.

ಪ್ರಶ್ನೆ: ನಮ್ಮ ಹವಾ ಸಿಂಗ್ ಇವರ ಎದುರು ನಿಲ್ಲುತ್ತಿದ್ದರೇ? ನಮ್ಮ ಕೊಡಗಿನಲ್ಲಿ ಹಾಕಿ ಬಿಟ್ಟರೆ ಬಾಕ್ಸಿಂಗಿಗೆ ಯಾರಿದ್ದಾರೆ?
– ಓದುಗರು, ವಿರಾಜಪೇಟೆ

ಉತ್ತರ: ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಗೇಮ್ಸ್ ಎರಡರಲ್ಲೂ ಹೆವಿವೇಯ್ಟ್ ಚಿನ್ನ ಗೆದ್ದ ಫೌಜಿ. ನಮ್ಮ ಕಾಲದ ಬ್ಯಾರಕ್ಕಿನಲ್ಲಿ ಆ ಹೆಸರು ಹೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಆದರೆ ಅದು ಮೂರು ರೌಂಡಿನ ಅಮೆಚೂರ್ ಆಟ. ಹನ್ನೆರಡು ರೌಂಡಿನ ಉಸಿರೇ ಬೇರೆ. ಮೂರೇ ರೌಂಡಾದರೆ ಮರ್ಯಾದೆಯಿಂದ ನಿಲ್ಲುತ್ತಿದ್ದರು ಎಂದು ನನ್ನ ನಂಬಿಕೆ. ದೇಶಾಭಿಮಾನ ಸ್ವಲ್ಪ ಸೇರಿರಬಹುದು, ಕ್ಷಮಿಸಿ.

ಕೊಡಗಿನಲ್ಲಿ ಯಾರಿದ್ದಾರೆ ಎಂದು ಕೇಳಿದ್ದು ಬೇಸರವಾಯಿತು. ಬಾಕ್ಸಿಂಗಿಗೆ ಅರ್ಜುನ ಪ್ರಶಸ್ತಿ ತಂದ ಚೇನಂಡ ಮಾಚಯ್ಯ ನಮ್ಮವರೇ. ಪುತ್ತರಿ ಸುಗ್ಗಿಹಬ್ಬದಲ್ಲಿ ಊರ ಮಂದ್ ಮೈದಾನಕ್ಕೆ ಹೋಗಿ ಪರೆಯಕಳಿ ಬೆತ್ತದಾಟ ನೋಡಿದ್ದೀರಲ್ಲ? ಬೆತ್ತ ಹಿಡಿದವನು ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಬಿಸಿ ಏರಿದರೆ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ನಾನು ಕಂಡ ಮೊದಲ ರೆಫರಿ ನನ್ನ ಅಜ್ಜ. ಕೈಯಲ್ಲಿ ಊರುಗೋಲು, ಬಾಯಲ್ಲಿ ಎಲೆಅಡಿಕೆ. ಒಮ್ಮೆ ನನ್ನದೇ ತಪ್ಪು ಏಟಿಗೆ, ಎಲ್ಲರ ಎದುರು, ಆ ಊರುಗೋಲಿನಿಂದ ನನ್ನ ಕಾಲಿಗೇ ಒಂದು ಬಿಟ್ಟರು.