ಲೈಬ್ರರಿ ಮೇಡಂಗೆ ಮನೆತನದ ಮಾಯಾವಿದ್ಯೆ: ಕಥೆ ನಮ್ಮೂರಿನದು ಅನ್ನಿಸಬೇಕಾದರೆ

ನಿಮ್ಮ ಪ್ರಶ್ನೆ ಇಷ್ಟು: ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿಗೆ ಮನೆತನದಿಂದ ಮಾಯಾವಿದ್ಯೆ ಬಂದಿದೆ ಅಂತ ಗೊತ್ತಾಗುವ ಕಥೆ ಬರೆಯುತ್ತಿದ್ದೀರಿ. ಯುದ್ಧ, ರಾಕ್ಷಸರು ಇಲ್ಲದ, ಓದಿದರೆ ಹಾಯೆನಿಸುವ ಕೋಜಿ ಫ್ಯಾಂಟಸಿ ಬೇಕು. ಆದರೆ ಎಷ್ಟು ತಿದ್ದಿದರೂ ಇಂಗ್ಲಿಷ್ ಕಾದಂಬರಿಯ ವಾಸನೆ ಹೋಗುತ್ತಿಲ್ಲ. ಖಳನಾಯಕ ಯಾರಾಗಬೇಕು ಅಂತಲೂ ಕೇಳಿದ್ದೀರಿ.

ನಾನು ಲೈಬ್ರರಿಯಲ್ಲೇ ಕೆಲಸ ಮಾಡುವವಳು. ಉತ್ತರ ಸ್ವಲ್ಪ ಜಾಸ್ತಿ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಗೂಬೆ, ಮಂತ್ರದಂಡ, ಅಗ್ಗಿಷ್ಟಿಕೆ ಎಲ್ಲವನ್ನೂ ಆಚೆ ಹಾಕಿ. ನಮ್ಮ ತಾಲ್ಲೂಕು ಲೈಬ್ರರಿಗಳಲ್ಲಿ ಇರುವುದು ಕಿರಗುಟ್ಟುವ ಫ್ಯಾನು, ಕಬ್ಬಿಣದ ರ‍್ಯಾಕು, ಬಾಗಿಲು ತೆಗೆಯುವ ಮೊದಲೇ ಪೇಪರಿಗೆ ಕಾದು ನಿಲ್ಲುವ ರಿಟೈರ್ಡ್ ಮೇಷ್ಟ್ರು, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು. ಹಾಯಾದ ಕಥೆಗೆ ಇಷ್ಟು ಸಾಕು.

ಇನ್ನು ವಿದ್ಯೆ. ಮನೆತನದಿಂದ ಬರುವ ವಿದ್ಯೆ ನಮಗೆ ಹೊಸದೇನಲ್ಲ, ಅಲ್ವಾ? ಹಳ್ಳಿಗಳಲ್ಲಿ ಚೇಳಿನ ಮಂತ್ರ ಹಾಕುವವರು, ಸರ್ಪಸುತ್ತಿಗೆ ಮದ್ದು ಕೊಡುವವರು ಇದ್ದಾರೆ. ಅವರ ಕಟ್ಟುಪಾಡು ಕೇಳಿ ನೋಡಿ. ದುಡ್ಡು ಮುಟ್ಟಬಾರದು, ಮುಟ್ಟಿದರೆ ವಿದ್ಯೆ ಕೈಬಿಡುತ್ತದೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿಕೊಡಬೇಕು. ಗ್ರಹಣದ ಹೊತ್ತಿನಲ್ಲಿ ಜಪಿಸಿ ಗಟ್ಟಿ ಮಾಡಿಕೊಳ್ಳಬೇಕು. ಫ್ಯಾಂಟಸಿ ಬರೆಯುವವರು ತಲೆ ಕೆರೆದುಕೊಂಡು ಕಟ್ಟುವ ನಿಯಮಗಳೆಲ್ಲ ಇಲ್ಲಿ ರೆಡಿ ಇವೆ. ಅದರಲ್ಲೂ ದುಡ್ಡಿನ ನಿಯಮ ಲೈಬ್ರರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಬೀಳುತ್ತದೆ. ಊರಿನವರು ಕೊಡಬೇಕಾದ್ದು ಆಗಲೇ ಕೊಟ್ಟಾಗಿದೆ. ನಿಮ್ಮ ನಾಯಕಿ ಯಾರ ಹತ್ತಿರವಾದರೂ ಮತ್ತೆ ಹತ್ತು ರೂಪಾಯಿ ಇಸಿದುಕೊಂಡರೆ ವಿದ್ಯೆ ಮುನಿಸಿಕೊಳ್ಳಲಿ.

ಅವಳಿಗೆ ಕೆಲಸ ಸಿಕ್ಕಿದ್ದು ಹೇಗೆ ಅಂತ ಯೋಚಿಸಿದ್ದೀರಾ? ನಾನಾಗಿದ್ದರೆ ಅನುಕಂಪದ ಮೇಲೆ ಕೊಡಿಸುತ್ತಿದ್ದೆ. ಅಮ್ಮ ಶಾಖಾ ಗ್ರಂಥಾಲಯದಲ್ಲಿದ್ದವರು, ಸರ್ವಿಸ್‌ನಲ್ಲಿರುವಾಗಲೇ ತೀರಿಕೊಂಡರು. ಮದುವೆಯಾದ ಮಗಳಿಗೆ ಅನುಕಂಪದ ನೌಕರಿ ಇಲ್ಲ ಅಂತಿದ್ದ ನಿಯಮ ಕರ್ನಾಟಕದಲ್ಲಿ ಬದಲಾದದ್ದು 2021ರಲ್ಲಿ. ಕಥೆಯನ್ನು ಆ ವರ್ಷಕ್ಕೇ ಇಟ್ಟುಕೊಳ್ಳಿ. ತಮ್ಮ "ನಂಗೆ ಆ ಧೂಳು ಆಗಲ್ಲ ಕಣಕ್ಕ, ನೀನೇ ಅರ್ಜಿ ಹಾಕು" ಅನ್ನಲಿ. ಅರ್ಜಿಗೆ ವಂಶವೃಕ್ಷ ಬೇಕು ಅಂತ ಅವಳು ನಾಡಕಚೇರಿಗೆ ಅಲೆಯಲಿ. ಮನೆತನದ ವಿದ್ಯೆಯ ಕಥೆಗೆ ಇದಕ್ಕಿಂತ ಒಳ್ಳೆ ಕಾಗದ ಬೇಕಾ? ಅದಕ್ಕೆ ಹೆಸರು ಬರೆಸುತ್ತ ಕೂತ ಅಜ್ಜಿಯ ಬಾಯಿಂದ ಯಾವುದೋ ಹಳೇ ಮಾತು ಜಾರಲಿ.

ವಿದ್ಯೆ ಗೊತ್ತಾಗುವ ಜಾಗಕ್ಕೆ ನಮ್ಮ ಕೆಲಸದ ಒಂದು ಗುಟ್ಟು ಬಿಟ್ಟುಕೊಡುತ್ತೇನೆ. ಹೊಸ ಪುಸ್ತಕ ಬಂದರೆ ಅಕ್ಸೆಷನ್ ರಿಜಿಸ್ಟರಿನಲ್ಲಿ ಬರೆದು ನಂಬರು ಕೊಡುತ್ತೇವೆ. ಮೊದಲ ಪುಟಕ್ಕೆ ಸೀಲು ಹೊಡೆಯುತ್ತೇವೆ. ಇನ್ನೊಂದು ಸೀಲು ಒಳಗೆಲ್ಲೋ ಒಂದು ಪುಟಕ್ಕೆ. ಅದೇ ಸೀಕ್ರೆಟ್ ಪೇಜ್. ಯಾವ ಪುಟ ಅನ್ನುವುದು ಆಯಾ ಲೈಬ್ರರಿಯವರಿಗೆ ಗೊತ್ತು, ಎಲ್ಲ ಪುಸ್ತಕಕ್ಕೂ ಅದೇ ಪುಟ. ಕದ್ದವರು ಸೀಲಿರುವ ಮೊದಲ ಪುಟ ಹರಿದು ಹಾಕಿದರೂ ಪುಸ್ತಕ ನಮ್ಮದು ಅಂತ ತೋರಿಸಲು ಈ ಏರ್ಪಾಡು.

ನಿಮ್ಮ ನಾಯಕಿಯ ಲೈಬ್ರರಿಯಲ್ಲಿ ಅದು 37ನೇ ಪುಟ ಅಂತಿಟ್ಟುಕೊಳ್ಳಿ. ಮಾಸಿದ ನೇರಳೆ ಸೀಲಿನ ಪಕ್ಕ ಅಮ್ಮ ಪೆನ್ಸಿಲಿನಲ್ಲಿ ಬರೆದ ಒಂದೇ ಒಂದು ಅಕ್ಷರ ಕಾಣುತ್ತದೆ. ಇನ್ನೊಂದು ಪುಸ್ತಕದ 37ರಲ್ಲಿ ಇನ್ನೊಂದು ಅಕ್ಷರ. ಅಕ್ಸೆಷನ್ ನಂಬರಿನ ಸಾಲಿಗೆ ಜೋಡಿಸಿಕೊಂಡರೆ ಮಾತಾಗುತ್ತದೆ. ಆದರೆ ರ‍್ಯಾಕಿನಲ್ಲಿ ಪುಸ್ತಕ ಇರುವುದು ವಿಷಯದ ಪ್ರಕಾರ. ಒಂದಕ್ಷರ ಅಡುಗೆ ಪುಸ್ತಕದಲ್ಲಿ, ಮುಂದಿನದು ಎರೆಹುಳು ಗೊಬ್ಬರದ ಪುಸ್ತಕದಲ್ಲಿ. ನಡುವಿನ ಕೆಲವನ್ನು ಯಾರೋ ಒಯ್ದು ವಾಪಸ್ ಕೊಟ್ಟೇ ಇಲ್ಲ. ಅವಳು ಮನೆಮನೆಗೆ ಹೋಗಿ ಕೇಳಬೇಕು. ಹೋದಲ್ಲೆಲ್ಲ ಕಾಫಿ, ಕೋಡುಬಳೆ, ಅಮ್ಮನ ಬಗ್ಗೆ ಮಗಳಿಗೇ ಗೊತ್ತಿಲ್ಲದ ಒಂದೊಂದು ಸಂಗತಿ. ನಿಮ್ಮ ಅಧ್ಯಾಯಗಳು ಇವೇ.

ಓದಿ ಮುಗಿಸಿದರೆ ಸಿಗುವ ವಿದ್ಯೆ ಮಾತ್ರ ಸಣ್ಣದಿರಲಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಜನಪದ ಕಥೆಯೊಂದಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಗಟ್ಟಿ ಅವು ಒಂದು ದಿನ ಹೊರಬಿದ್ದವು. ಕಥೆ ಗಂಡಸರ ಪಾದರಕ್ಷೆಯಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ನೇತಾಡಿತು. ಗಂಡ ಬಂದವನೇ ಇದು ಯಾರದು ಅಂತ ಜಗಳ ತೆಗೆದು, ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಆರಿಸಿದ ದೀಪಗಳೆಲ್ಲ ಅಲ್ಲಿಗೇ ಬಂದು ಹರಟುತ್ತಿದ್ದವು, ಅವುಗಳ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಹೇಳದ ಕಥೆ ಸೇಡು ತೀರಿಸಿಕೊಳ್ಳುವುದಾದರೆ ಓದದ ಪುಸ್ತಕ ಸುಮ್ನೆ ಇರುತ್ತದಾ? ಡೇಟ್ ಸ್ಲಿಪ್ (ವಾಪಸ್ ಕೊಡಬೇಕಾದ ತಾರೀಖು ಹಾಕುವ ಚೀಟಿ) ಖಾಲಿ ಬಿದ್ದಿರುವ ಪುಸ್ತಕಗಳ ಗೊಣಗಾಟ ಅವಳಿಗೆ ಕೇಳಲಿ. ಯಾವ ಪುಸ್ತಕ ಯಾರ ಕೈ ಸೇರಬೇಕು ಅಂತ ತಿಳಿಯಲಿ. ಅಷ್ಟೇ ಅವಳ ಶಕ್ತಿ.

ತಾಳೆಗರಿ ತರಬೇಕು ಅಂತ ಆಸೆಯಾಗುತ್ತದೆ, ಗೊತ್ತು. ಕಂಟದಿಂದ, ಅಂದರೆ ಗರಿಯ ಮೇಲೆ ಬರೆಯುವ ಚೂಪು ಮೊನೆಯ ಕಡ್ಡಿಯಿಂದ, ಕೊರೆದ ಅಕ್ಷರ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಮಸಿ ಸವರಿದರೆ ಎದ್ದು ಬರುತ್ತದೆ. ನೋಡುವುದಕ್ಕೇ ಮಾಯೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಇಂಥ ಓಲೆಕಟ್ಟಿನಲ್ಲೇ. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆದರೂ ನನ್ನ ಮಾತು ಕೇಳುವುದಾದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದೇ ಗರಿ ಇರಲಿ. ಜಾಸ್ತಿಯಾದರೆ ರಾಜರು, ನಿಧಿ, ಶಾಪ ಎಲ್ಲ ಹಿಂದೆಯೇ ಬರುತ್ತವೆ. ಆಮೇಲೆ ಹಾಯಾದ ಕಥೆ ಎಲ್ಲಿ ಉಳಿಯುತ್ತದೆ?

ಖಳನಾಯಕ ಬೇಕೇ ಬೇಕಾದರೆ ಸ್ಟಾಕ್ ವೆರಿಫಿಕೇಶನ್, ಅಂದರೆ ರಿಜಿಸ್ಟರಿನಲ್ಲಿರುವ ಪುಸ್ತಕವೆಲ್ಲ ಇದೆಯಾ ಅಂತ ನೋಡುವ ತಪಾಸಣೆ, ಇದೆಯಲ್ಲ! ಯಾರೂ ಒಯ್ಯದ ಪುಸ್ತಕ ರದ್ದಿಗೆ ಹೋಗಬೇಕು, ಕಳೆದುಹೋದದ್ದಕ್ಕೆ ವಿವರಣೆ ಕೊಡಬೇಕು. ಅದೂ ನವರಾತ್ರಿಯ ವಾರ ಬರಲಿ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕ ವಿಜಯದಶಮಿಯವರೆಗೆ ಓದಬಾರದು ಅನ್ನುತ್ತಾರಲ್ಲ, ಆ ದಿನಗಳಲ್ಲಿ ವಿದ್ಯೆಗೂ ರಜೆ. ಅವಳು ಬರೀ ತಲೆಯಿಂದ, ರಿಜಿಸ್ಟರಿನಿಂದ ನಿಭಾಯಿಸಬೇಕು. ಪರಿಶೀಲನೆಗೆ ಬರುವ ಸಾಹೇಬರು ಕೆಟ್ಟವರಾಗಬೇಕಿಲ್ಲ. ಕೊನೆಯ ಅಕ್ಷರ ಇರುವ ಪುಸ್ತಕ ಅವರು ಹೈಸ್ಕೂಲಿನಲ್ಲಿದ್ದಾಗ ಒಯ್ದು ಮರೆತದ್ದು ಅಂತ ಮಾಡಿ. ಫೈನ್ ಮಾತ್ರ ಬಿಡಬೇಡಿ, ರಸೀದಿ ಹರಿದು ಕೊಡಲಿ. ಅದು ಸರ್ಕಾರದ ಖಾತೆಗೆ ಹೋಗುವ ದುಡ್ಡು, ವಿದ್ಯೆ ತಕರಾರು ಮಾಡಲಿಕ್ಕಿಲ್ಲ.